ಬೇರು ನೋಡುವ ಮಲಕವ್ವ

ನಿಪ್ಪಾಣಿಯ ಬಸ್ಸು ನಮ್ಮೂರ ತಿರುವಿನಲ್ಲಿ ಬಂದು ನಿಂತರೆ ಮಲಕವ್ವ ಸುಮ್ಮನೆ ಹತ್ತುವವಳಲ್ಲ. ಬಸ್ಸಿನ ಹಣೆಯ ಮೇಲೆ ಊರ ಹೆಸರು ದಪ್ಪಗೆ ಬರೆದಿದ್ದರೂ ಮೊದಲು ಕಿಟಕಿಯಲ್ಲಿ ಕೂತವರನ್ನು ಕೇಳಬೇಕು, ಆಮೇಲೆ ಇಳಿದು ಬಂದವರನ್ನು, ಆಮೇಲೆ ಕಂಡಕ್ಟರನನ್ನು. ಎಲ್ಲರೂ ನಿಪ್ಪಾಣಿಗೇ ಎಂದರೆ ಆಕೆಯ ಅನುಮಾನ ಇನ್ನೂ ಹೆಚ್ಚುತ್ತದೆ. "ಎಲ್ಲಾರೂ ಒಂದ ಮಾತ ಹೇಳಾಕತ್ತಾರ ಅಂದ್ರ ಒಳಗ ಏನೋ ಐತಿ," ಎಂದು ಗೊಣಗುತ್ತಲೇ ಮೆಟ್ಟಿಲ ಮೇಲೆ ಕಾಲಿಡುತ್ತಾಳೆ. ಆ ತಿರುವಿನಲ್ಲೇ ನನ್ನ ಚಹಾದಂಗಡಿ. ಬಸ್ಸಿನ ಹಾರ್ನು, ಕಂಡಕ್ಟರನ ಬೈಗುಳ ಎಲ್ಲ ನನ್ನ ಕಿವಿಗೇ ಬೀಳಬೇಕು. ನನಗೋ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಎಷ್ಟೋ ಸಲ ಉಕ್ಕುವ ಹಾಲು ಬಿಟ್ಟು ಎದ್ದು ಹೋಗಿ ಆಕೆಯ ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸಿ ಬಂದಿದ್ದೇನೆ.

ಬೈದದ್ದಕ್ಕೆ ಲೆಕ್ಕವಿಲ್ಲ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಮಲಕವ್ವನ ಅನುಮಾನ ಸುಳ್ಳಾದದ್ದು ಬಹಳ ಕಡಿಮೆ. ಒಮ್ಮೆ ಗಂಡ ಕಾಡಸಿದ್ದನ ಜೊತೆ ಟಗರು ಕೊಳ್ಳಲು ಸಂತೆಗೆ ಹೋಗಿದ್ದಳಂತೆ. ಹೊಟ್ಟೆ ತುಂಬಿ ಗುಂಡಗಿದ್ದ ಒಂದು ಟಗರನ್ನು ಆತ ಮೆಚ್ಚಿ ಹಗ್ಗ ಹಿಡಿದೇಬಿಟ್ಟಿದ್ದ. ಈಕೆ ಮಾರುವವನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಅದು ಉಚ್ಚೆ ಹೊಯ್ಯುವವರೆಗೆ ತಾನು ಏಳುವುದಿಲ್ಲ ಎಂದಳು. ಮಧ್ಯಾಹ್ನದ ಹೊತ್ತಿಗೆ ಟಗರಿನ ಹೊಟ್ಟೆ ಇಳಿದು ಪಕ್ಕೆಲುಬು ಕಂಡವು. ಮಾರುವವ ಉಪ್ಪು ತಿನ್ನಿಸಿ ನೀರು ಕುಡಿಸಿ ನಿಲ್ಲಿಸಿದ್ದ. ಮಗ ಹಾಲೇಶನಿಗೆ ಹೆಣ್ಣು ನೋಡುವಾಗಲೂ ಅಷ್ಟೇ. ಚಹಾ-ಅವಲಕ್ಕಿ ಮಾಡಿ ಕಾಯುವ ದಿನ ಹೋಗದೆ, ಬಟ್ಟೆ ಒಗೆಯುವ ಹೊತ್ತಿಗೆ ಹೇಳದೆ ಕೇಳದೆ ಹೋಗಿ ಬೀಗರ ಹಿತ್ತಲಲ್ಲಿ ನಿಂತಿದ್ದಳು. ಸೊಸೆ ಉಜ್ವಲಾ ಆ ಮಾತೆತ್ತಿ ಇವತ್ತಿಗೂ ಮುಖ ಸೊಟ್ಟ ಮಾಡುತ್ತಾಳೆ.

ಮೊದಲು ಇಷ್ಟೊಂದು ಅನುಮಾನ ಇರಲಿಲ್ಲ ಎಂದು ಆಕೆಯ ವಾರಿಗೆಯವರು ಹೇಳುತ್ತಾರೆ. ಊರ ಪಡುವಣಕ್ಕೆ ಕಲ್ಲುಮಿಶ್ರಿತ ದಿಬ್ಬವೊಂದಿದೆ. ಅದು ನಮ್ಮ ಗಾಯರಾಣ, ಊರ ದನಕುರಿಗಳೆಲ್ಲ ಮೇಯುತ್ತಿದ್ದ ಜಾಗ. ಹೈವೇ ಅಗಲ ಮಾಡುವಾಗ ಖಡಿ, ಅಂದರೆ ಜಲ್ಲಿಕಲ್ಲು, ಬೇಕಾಯಿತು. ಸಾಹೇಬರು ಬಂದು ಸಭೆ ಮಾಡಿ, ಸ್ವಲ್ಪ ದಿನ ಸ್ವಲ್ಪ ಕಲ್ಲು ತೆಗೆದು ಹಾಗೇ ಮುಚ್ಚಿಕೊಡುತ್ತೇವೆ ಎಂದರು. ಕಾಡಸಿದ್ದ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದ. ಮಲಕವ್ವ ಬೇಡವೆಂದಾಗ, "ಏ ಹುಚ್ಚಿ, ಸಾಹೇಬ್ರು ಸುಳ್ಳ ಹೇಳ್ತಾರೇನ?" ಎಂದು ನಕ್ಕಿದ್ದನಂತೆ. ಮುಂದೆ ಏನಾಯಿತೆಂದು ಕೇಳಬೇಡಿ. ಕಲ್ಲಿನ ಖಣಿ ದಿಬ್ಬದ ಹೊಟ್ಟೆಯನ್ನೇ ಬಗೆಯಿತು. ಬಂಡೆಗೆ ಮದ್ದು ತುಂಬಿ ಸುರಂಗ ಹಾರಿಸಿದರೆ ನಮ್ಮ ಮನೆಯ ಪಾತ್ರೆಗಳು ಕೆಳಗೆ ಬೀಳುತ್ತಿದ್ದವು. ಕಾಡಸಿದ್ದ ಆ ಗಾಯರಾಣವನ್ನು ಮತ್ತೆ ನೋಡದೆಯೇ ತೀರಿಕೊಂಡ. ಮಲಕವ್ವನ ಕುರಿಗಳು ಹೈವೇ ಅಂಚಿನ ಹುಲ್ಲಿಗೆ ಬಿದ್ದವು. ಲಾರಿಯ ಗಾಲಿಗೆ ಸಿಕ್ಕ ಮರಿಗಳನ್ನು ಆಕೆ ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಅಂಗಡಿ ಮುಂದೆ ಹಾದು ಹೋಗುವುದನ್ನು ನಾನೇ ಕಂಡಿದ್ದೇನೆ.

ಕೊನೆಗೊಂದು ದಿನ ಖಣಿಯ ಮುದ್ದತು ಮುಗಿಯಿತು. ಖಣಿ ಹಿಡಿದ ಗುತ್ತೇದಾರ ತಗ್ಗು ತುಂಬಿ, ಮೇಲೆ ಮಣ್ಣು ಹರವಿ, ಗಿಡ ಹಚ್ಚಿ ಬೆಳೆಸಬೇಕು. ಗಿಡ ಹಿಡಿದಿವೆ ಎಂದು ಪರೀಕ್ಷೆ ಆದ ಮೇಲೆ ಬೇಲಿ ತೆಗೆದು ಜಾಗವನ್ನು ಊರ ದನಕುರಿಗೆ ಬಿಟ್ಟುಕೊಡಬೇಕು. ಹಾಗಂತ ಕರಾರು. ಮೊದಲ ಪರೀಕ್ಷೆಯ ದಿನ ಸಾಹೇಬರು ಜೀಪಿನಿಂದ ಇಳಿಯದೆ ಫೋಟೋ ಹೊಡೆದು, ಬೇವು ಚೆನ್ನಾಗಿ ಬಂದಿದೆ ಎಂದು ಹೊರಡಲು ತಯಾರಾಗಿದ್ದರು. ಮಲಕವ್ವ ತಂತಿ ಎತ್ತಿ ಒಳಹೊಕ್ಕು ಒಂದು ಗಿಡ ಜಗ್ಗಿದಳು. ಬೇರಿಲ್ಲದ ಕಟ್ಟಿಗೆ ಕೈಗೆ ಬಂತು. ಬೆಳಿಗ್ಗೆ ಕಡಿದು ತಂದು ಚುಚ್ಚಿದ ಟೊಂಗೆ! ಆಕೆ ಕಿತ್ತಿದ್ದೇ ಕಿತ್ತಿದ್ದು. ಒಂದು ಹೊರೆ ಟೊಂಗೆ ತಂದು ಜೀಪಿನ ಮುಂದೆ ಚೆಲ್ಲಿ, "ತೊಗೊರ್ರಿ ಸಾಹೇಬ್ರ, ನಿಮ್ಮ ಬೇವು. ಒಲಿಗೆ ಆಗತೈತಿ," ಎಂದಳು. ಅಂದಿನಿಂದ ಊರಿಗೆಲ್ಲ ಆಕೆಯೇ ಗುರು. ಹಾಲಿನವನು ಹಾಲು ತಂದರೂ ಬೆರಳದ್ದಿ ನೋಡುವುದು, ಅಂಗಡಿಯಲ್ಲಿ ಚೀಲದ ತಳ ಕೆದರಿ ನೋಡುವುದು, ಎಲ್ಲರಿಗೂ ಚಟ ಹಿಡಿಯಿತು. "ಬೇರ ನೋಡು ಮೊದಲ," ಎನ್ನುವುದು ಊರ ಮಾತೇ ಆಯಿತು. ನನ್ನ ಚಹಾಪುಡಿಯ ಡಬ್ಬಿಯನ್ನೂ ತೆರೆದು ಮೂಸಿದವರಿದ್ದಾರೆ. ಮೋರೆಗೆ ಬಿಸಿನೀರು ಎರಚಬೇಕು ಅನ್ನಿಸಿತ್ತು.

ಎರಡನೆಯ ಸಲ ಗುತ್ತೇದಾರ ಖರೇ ಸಸಿಗಳನ್ನೇ ಹಚ್ಚಿಸಿದ. ಕಾಯಲು ಇಸ್ಮಾಯಿಲನನ್ನು ಇಟ್ಟ. ಈ ಇಸ್ಮಾಯಿಲ ಇದೇ ಖಣಿಯಲ್ಲಿ ಬಂಡೆಗೆ ತೂತು ಕೊರೆದು ಸುರಂಗ ಹಾರಿಸುತ್ತಿದ್ದವನು. ಆ ಸಪ್ಪಳಕ್ಕೆ ಒಂದು ಕಿವಿ ಕೆಟ್ಟಿದೆ. ಎಡಗಡೆ ನಿಂತು ಮಾತಾಡಿದರೆ ಕೇಳುವುದಿಲ್ಲ. ಬೆಳಿಗ್ಗೆ ನನ್ನಲ್ಲಿ ಚಹಾ ಕುಡಿದು ಹೋದರೆ ಸಂಜೆಯವರೆಗೂ ಕೊಡ ಹೊತ್ತು ಸಸಿಗಳಿಗೆ ನೀರುಣಿಸುತ್ತಿದ್ದ. ಮಲಕವ್ವನಿಗೆ ಇದು ನುಂಗಲಾರದ ತುತ್ತಾಯಿತು.

"ಒಡದ ಕೈ ಹಚ್ಚತಾವೇನು, ಮಂಗಲಾ?" ಎನ್ನುತ್ತಿದ್ದಳು ನನಗೆ. "ಗಿಡಾ ದೊಡ್ಡವಾದ್ರ ಬೇಲಿ ಬಿಚ್ಚತಾರ. ಬೇಲಿ ಬಿಚ್ಚಿದ್ರ ಇವನ ಪಗಾರ ನಿಲ್ಲತೈತಿ. ಇವಾ ಹೆಂಗ ಬೆಳಸ್ತಾನ ಹೇಳು."

"ನೀ ಸ್ವಲ್ಪ ಗಪ್ಪ ಇರು ಮಾವಶಿ. ಅಂವಾ ಬೆವರ ಸುರಿಸಿ ನೀರ ಹಾಕಾಕತ್ತಾನ, ಕಣ್ಣಿಗೆ ಕಾಣೂದಿಲ್ಲೇನು?" ಎಂದರೆ, "ಕಣ್ಣಿಗೆ ಕಾಣ್ಲಿ ಅಂತನ ಹಾಕಾಕತ್ತಾನ," ಎಂದಳು. ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಮಳೆಗಾಲ ಮುಗಿದ ಮೇಲೆ ಚಿಕ್ಕೋಡಿಯ ಕಾಲೇಜಿನಿಂದ ಮನಿಷಾ ಮೇಡಂ ಬಂದರು. ಈ ಸಲ ಪರೀಕ್ಷೆ ಅವರ ಕೈಯಲ್ಲಿ. ಜೀಪಿನಲ್ಲಿ ಕೂರುವ ಪೈಕಿ ಅಲ್ಲ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ದಿಬ್ಬವೆಲ್ಲ ಸುತ್ತಿದರು. ಇಡೀ ಜಾಗ ಎಣಿಸಲು ಆಗದು, ಅದಕ್ಕೆ ಚೀಟಿ ಎತ್ತಿ ಕೆಲವು ಕಡೆ ಆರಿಸಿ, ಹಗ್ಗ ಹಿಡಿದು ಚೌಕ ಮಾಡಿ, ಮೂಲೆಗೆ ಕೆಂಪು ಬಣ್ಣದ ಗೂಟ ಬಡಿಸಿದರು. ಒಳಗೆ ಎಷ್ಟು ಸಸಿ ಇವೆ, ಎಷ್ಟು ನೆಲ ಹುಲ್ಲು ಹಿಡಿದಿದೆ ಎಂದು ಬರೆದುಕೊಂಡರು. ಬೇಸಿಗೆ ಬರುವ ಮುಂಚೆ ಮತ್ತೆ ಬಂದು ಅದೇ ಚೌಕಗಳಲ್ಲಿ ಎಷ್ಟು ಬದುಕಿವೆ ನೋಡುವುದಾಗಿ ಹೇಳಿದರು.

ಮಲಕವ್ವ ಕುರಿ ಬಿಟ್ಟು ಬೇಲಿಗೆ ಬಂದು ನಿಂತಿದ್ದಳು. "ಚೀಟಿ ಬರದವರು ಯಾರ್ರೀ?"

"ನಾನ ಬರದೇನ್ರಿ ಆಯಿ. ಎತ್ತಿದ್ದೂ ನಾನ."

"ಹಂಗಾದ್ರ ಗೂಟಕ್ಕ ಬಣ್ಣಾ ಯಾಕ ಹಚ್ಚೀರಿ? ಈಗ ಗುತ್ತೇದಾರಗ ಗೊತ್ತಾತಲ್ಲ, ಎಲ್ಲಿ ಜ್ವಾಕಿ ಮಾಡಬೇಕಂತ. ಚೌಕದಾಗ ಅಷ್ಟ ಛಂದ ಇಟ್ಟು ಉಳಿದದ್ದು ಒಣಗಸ್ತಾನ."

ಮೇಡಂ ನಕ್ಕರು. "ಅದಕ್ಕ ಚೌಕದ ಹೊರಗೂ ನೋಡತೇನ್ರಿ. ಒಳಗೊಂದು ಹೊರಗೊಂದು ಇದ್ರ ನನಗೂ ಸಂಶೇ ಬರತೈತಿ." ಆಮೇಲೆ ನಗು ನಿಲ್ಲಿಸಿ ಇನ್ನೊಂದು ಮಾತು ಹೇಳಿದರು. "ಇದು ಕಡೀ ಪರೀಕ್ಷಾರೀ. ಗುತ್ತೇದಾರನ ತಪ್ಪಿನಿಂದ ಈ ಸಲಾನೂ ಫೇಲಾದ್ರ, ಈ ಜಾಗಾದಾಗ ಗಿಡಾ ಆಗೂದಿಲ್ಲ ಅಂತ ಸೋಲಾರ ಕಂಪನಿಯವರಿಗೆ ಕೊಡ್ತಾರ ಅನ್ನೂ ಮಾತೈತಿ."

ಆ ಸಂಜೆ ಹಾಲೇಶ ನನ್ನ ಅಂಗಡಿಯಲ್ಲಿ ಕೂತು ತಾಯಿಗೆ ಸ್ಪಷ್ಟ ಹೇಳಿಬಿಟ್ಟ. "ಅವ್ವಾ, ಬ್ಯಾಸಿಗ್ಯಾಗ ಬೇಲಿ ಬಿಚ್ಚಿದ್ರ ಸರಿ. ಇಲ್ಲಂದ್ರ ಹಿಂಡ ಮಾರತೇನಿ. ಹೈವೇ ಮ್ಯಾಲೆ ಕುರಿ ಕಾಯೂದು ನನ್ನ ಕೈಲೆ ಆಗೂದಿಲ್ಲ." ಮಲಕವ್ವ ಚಹಾದ ಗ್ಲಾಸು ಕೆಳಗಿಟ್ಟಳು. ಆಕೆಗೆ ಆ ಕುರಿಗಳೇ ಮನೆ, ಅವೇ ಮಾತು. ಸೊಸೆಯ ಜೊತೆ ಆಡದಷ್ಟು ಮಾತು ಅವುಗಳ ಜೊತೆ ಆಡುತ್ತಾಳೆ. ಹಿಂಡು ಹೋದರೆ ಈ ಮುದುಕಿ ಬೆಳಗಾಗೆದ್ದು ಎಲ್ಲಿಗೆ ಹೋಗಬೇಕು?

ಅಂದಿನಿಂದ ಆಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇಸ್ಮಾಯಿಲನನ್ನು ಕಾದಳು. ಅವನು ಕೊಡ ಹೊತ್ತರೆ ಕೊಡದಲ್ಲಿ ಏನಿದೆ, ಕೂತರೆ ಯಾಕೆ ಕೂತ, ಫೋನು ಹಿಡಿದರೆ ಯಾರ ಫೋನು. ಒಂದು ಸಲ ಅವನು ಕೈ ತೊಳೆದ ನೀರನ್ನೂ ಹೋಗಿ ಮೂಸಿ ನೋಡಿ ಬಂದಳು. ಇಸ್ಮಾಯಿಲ ನನ್ನ ಮುಂದೆ ಅತ್ತುಕೊಂಡ. "ಮಂಗಲವೈನಿ, ಅಕ್ಕ ನನ್ನ ಬೆನ್ನ ಬಿದ್ದಾಳ್ರೀ. ಆಗ ಒಡೀ ಅಂದ್ರು, ಒಡದೆ. ಈಗ ಬೆಳಸು ಅಂದ್ರು, ಬೆಳಸಾಕತ್ತೇನಿ. ನಂದೇನ ತಪ್ಪ ಹೇಳ್ರಿ."

ಚಳಿ ಇಳಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಮಲಕವ್ವ ಬೊಬ್ಬೆ ಹೊಡೆಯುತ್ತ ಊರೊಳಗೆ ಬಂದಳು. "ಒಣಗ್ಯಾವು! ಚೌಕದಾಗಿನ ಸಸಿ ಅಷ್ಟೂ ಒಣಗ್ಯಾವು! ನಾ ಬಡಕೊಂಡಿದ್ದಿಲ್ಲೇನು?" ಊರೆಲ್ಲ ಓಡಿತು. ನಾನೂ ಒಲೆ ಆರಿಸಿ ಓಡಿದೆ. ಖರೇ. ಎಲ್ಲ ಕಡೆ ಬೇವು, ಕರಂಜಿ ಹಸಿರಾಗಿ ನಿಂತಿವೆ. ಕೆಂಪು ಗೂಟದ ನಡುವೆ ಮಾತ್ರ ಎಲೆ ಸುಟ್ಟ ಹಾಗೆ ಮುದುಡಿ, ಮುಟ್ಟಿದರೆ ಉದುರುತ್ತಿವೆ. ಯಾರಿಗೆ ಸಂಶಯ ಬರುವುದಿಲ್ಲ? ಪಂಚಾಯಿತಿ ಮೆಂಬರ್ ರಾಜಾರಾಮ ಅಲ್ಲೇ ತೀರ್ಪು ಕೊಟ್ಟ. "ಇನ್ನೇನ ಬೇಕು ಸಾಕ್ಷಿ? ಬೇಲಿ ಬಿಚ್ಚಬಾರದಂತ ಇಸ್ಮಾಯಿಲ ಏನೋ ಹಾಕ್ಯಾನ." ಇಸ್ಮಾಯಿಲ ದೇವರಾಣೆ ಇಟ್ಟ. ಯಾರೂ ಕೇಳಲಿಲ್ಲ. ಮಾರನೆಯ ದಿನದಿಂದ ಅವನಿಗೆ ಅಂಗಡಿಗಳಲ್ಲಿ ಸಾಮಾನು ಕೊಡುವುದು ನಿಂತಿತು. ಹೆಂಡತಿ ಶರೀಫಾಬಿ ನಳಕ್ಕೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ನನ್ನ ಅಂಗಡಿಯಲ್ಲಿ ಚಹಾ ಕೊಟ್ಟೆ, ಆದರೆ ಮಾತಾಡಿಸಲಿಲ್ಲ.

ಮೇಡಂ ಬರುವ ದಿನ ಬೇಲಿಯ ಬಾಗಿಲಲ್ಲಿ ಜಾತ್ರೆಯಷ್ಟು ಜನ. ಅವರು ಚೌಕಗಳನ್ನು ಒಂದೊಂದಾಗಿ ನೋಡಿದರು, ಹೊರಗಿನದನ್ನೂ ನೋಡಿದರು. ಹುಬ್ಬು ಗಂಟಿಕ್ಕಿತು. ಒಣಗಿದ ಕರಂಜಿ ಸಸಿಯೊಂದರ ಸುತ್ತ ಮಣ್ಣು ಬಿಡಿಸಿ ಮೆಲ್ಲಗೆ ಎತ್ತಿ ಬೇರನ್ನು ಬೆಳಕಿಗೆ ಹಿಡಿದರು. ಇನ್ನೊಂದು ಎತ್ತಿದರು. ಮತ್ತೊಂದು.

"ಇವು ನೀರಿಲ್ದ ಸತ್ತಿಲ್ರೀ. ಔಷಧ ಹಾಕಿದ್ದೂ ಅಲ್ಲ, ಹುಲ್ಲ ಹಸರ ಐತಿ. ಯಾರೋ ಇವನ್ನ ಕಿತ್ತು ಮತ್ತ ಅದ ತೆಗ್ಗಿನ್ಯಾಗ ಇಟ್ಟಾರ. ಬೇರಿನ ತುದಿ ಮುರದೈತಿ, ನೋಡ್ರಿ."

"ಇಸ್ಮಾಯಿಲ!" ಎಂದ ರಾಜಾರಾಮ. ಹೇಳಿ ಮುಗಿಯುವ ಮುಂಚೆ ಹಾಲೇಶ ಹಾರಿ ಇಸ್ಮಾಯಿಲನ ಕಾಲರು ಹಿಡಿದ. "ನಮ್ಮ ಕುರಿ ಬಾಯಾಗ ಮಣ್ಣ ಹಾಕಿದೆಲ್ಲೋ!"

"ಗಿಡಾ ಕಾಯಾಂವನ ಮಾಡಿದ್ರ ಅದು ಗುತ್ತೇದಾರನ ಮಂದಿ ಮಾಡಿದಂಗ ಆತು," ಎಂದರು ಮೇಡಂ, ಬೇಸರದಿಂದ. "ನಾನು ಫೇಲ್ ಅಂತನ ಬರೀಬೇಕಾಗತೈತಿ."

ಫೇಲ್ ಎಂದರೆ ಗಾಯರಾಣ ಹೋಯಿತು ಎಂದೇ ಅರ್ಥ. ಜನ ಇನ್ನಷ್ಟು ಕೆರಳಿತು. ಇಸ್ಮಾಯಿಲ ಕಾಲರಿನಲ್ಲಿ ತೂಗುತ್ತ ನಿಂತಿದ್ದ, ತುಟಿ ಪಿಟಕ್ಕೆನ್ನಲಿಲ್ಲ. ನಾನು ಮಲಕವ್ವನ ಕಡೆ ನೋಡಿದೆ. ಇಂಥ ಹೊತ್ತಿನಲ್ಲಿ ಎಲ್ಲರಿಗಿಂತ ಮುಂದೆ ಇರಬೇಕಾದವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಬೇರನ್ನೇ ನೋಡುತ್ತಿದ್ದಳು.

"ಮೇಡಂ," ಎಂದಳು ಕೊನೆಗೆ. "ಕಿತ್ತು ಮತ್ತ ಹಚ್ಚಿದ್ರ ಸಾಯತಾವೇನ್ರಿ?"

"ಹೌದ್ರಿ ಆಯಿ. ಈ ಗಿಡಾ ಮೊದಲ ಒಂದ ಬೇರ ಸೀದಾ ಆಳಕ್ಕ ಇಳಸತಾವು. ಆ ತುದಿ ಮುರೀತಂದ್ರ, ಅದೂ ಮಳಿ ಇಲ್ದ ದಿನದಾಗ, ಬದುಕೂದು ಕಷ್ಟ."

"ತಂಬಾಕಿನ ಅಗಿ ಸಸಿ ಸಾಯೂದಿಲ್ಲಲ್ರಿ?" ಆಕೆಯ ದನಿ ಸಣ್ಣದಾಯಿತು. "ಹರೇದಾಗಿಂದ ನಿಪ್ಪಾಣಿ ಕಡೀ ಹೊಲದಾಗ ಅಗಿ ಹಚ್ಚಾಕ ಹೋಗೇನಿ. ಮಡಿಯಾಗಿಂದ ಕಿತ್ತು ಬುಟ್ಟಿಗೆ ಹಾಕಿ, ಮತ್ತೊಂದ ಹೊಲದಾಗ ಊರೂದ. ಒಂದ ದಿನಾ ಬಾಡತಾವು, ಮರುದಿನ ತಲಿ ಎತ್ತತಾವು. ಇವೂ ಹಂಗ ಅಂತ..."

ಮೇಡಂ ಆಕೆಯನ್ನೇ ನೋಡಿದರು. ಈ ಕಡೆ ತಂಬಾಕಿನ ಹೊಲದಲ್ಲಿ ಕೈಯಾಡಿಸದ ಹೆಂಗಸರಿಲ್ಲ. ನಾನೂ ಹಚ್ಚಿದ್ದೇನೆ. ಕಿತ್ತ ಅಗಿ ಬದುಕುತ್ತದೆ ಎಂಬುದರಲ್ಲಿ ನಮಗ್ಯಾರಿಗೂ ಎಂದೂ ಅನುಮಾನ ಬಂದಿಲ್ಲ. ಜಗತ್ತಿನಲ್ಲಿ ಮಲಕವ್ವ ಅನುಮಾನಿಸದೆ ಬಿಟ್ಟದ್ದು ಬಹುಶಃ ಅದೊಂದನ್ನೇ.

"ಕೈ ಬಿಡೋ ಹಾಲೇಶಾ," ಎಂದಳು. "ಕಿತ್ತಾಕಿ ನಾನು."

ಎಲ್ಲರೂ ಆಕೆಯ ಕಡೆ ತಿರುಗಿದರು.

"ಅವು ಒಣಗೂ ಮುಂಚೆ ಒಂದ ಶುಕ್ರವಾರ ಮಧ್ಯಾಹ್ನ ಇವಾ ನಮಾಜಿಗೆ ಊರಾಗ ಹೋಗಿದ್ನಲ್ಲ, ಆವಾಗ ತಂತಿ ಎತ್ತಿ ಒಳಗ ಬಂದೆ. ಚೌಕದಾಗಿನವು ಖರೇ ಅದಾವೋ ಇಲ್ಲೋ ನೋಡಬೇಕಿತ್ತು. ಖುರ್ಪಿಲೆ ಮೀಟಿ ಎಬ್ಬಿಸಿ, ಬೇರ ನೋಡಿ, ಹಂಗ ಇಟ್ಟು ಮಣ್ಣ ತುಳದು ಬಾಟ್ಲಿ ನೀರ ಹಾಕಿದೆ. ಎಲ್ಲಾಕೂ ಬೇರ ಇದ್ದವು. ಬೇರ ಇದ್ದಾವಂದ್ರ ಮತ್ತೇನೋ ಮೋಸ ಐತಿ ಅಂತ ಇವನ ಮ್ಯಾಲ ಇನ್ನೂ ಸಂಶೇ ಬಂತು. ಒಣಗಿದಾಗ ಇವನ ಮಾಡ್ಯಾನ ಅಂತನ ತಿಳದೆ. ನನ್ನ ಕೈಲೆ ಸತ್ತಾವಂತ ಈಗ, ಇಲ್ಲಿ ನಿಂತಾಗ ತಿಳೀತು."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ರಾಜಾರಾಮ ಮುಂದೆ ಬಂದು, ಬೇರು ನೋಡುವ ಕಣ್ಣಿನಿಂದಲೇ ಆಕೆಯನ್ನು ಮೇಲಿನಿಂದ ಕೆಳಗೆ ನೋಡಿದ.

"ಗುತ್ತೇದಾರ ಮನಿಗೆ ಯಾವಾಗ ಬಂದಿದ್ದ, ಮಾವಶಿ?"

"ಯಾವ ಗುತ್ತೇದಾರ? ನನ್ನ ಮನಿಗೆ ಅಂವ ಯಾಕ ಬರತಾನ?"

"ಹಂಗಾರ ಇವನ ತಪ್ಪ ನಿನ್ನ ತಲಿ ಮ್ಯಾಲ ಯಾಕ ಹೊತ್ತಿ? ನೀ ಮೋಸ ಹೋಗೂ ಪೈಕೀನ ಅಲ್ಲ. ಗಿಡದ ಬುಡಾ ಬಲ್ಲಾಕಿ, ಕಿತ್ರ ಸಾಯತಾವಂತ ಗೊತ್ತಿದ್ದಿಲ್ಲಂತ! ಯಾರಿಗೆ ಹೇಳತಿ?"

"ನಿಮ್ಮವ್ವನಾಣಿ ಐತಿ, ಖರೇನ ಹೇಳಾಕತ್ತೇನಿ!"

ಮೇಡಂ ನಡುವೆ ಬಾಯಿ ಹಾಕಿದರು. ಆಯಿ ಹೇಳಿದ ಹಾಗೇ ಆಗಿದ್ದರೆ ಇದು ಗುತ್ತೇದಾರನ ತಪ್ಪಲ್ಲ, ಫೇಲ್ ಎಂದು ಬರೆಯುವುದಿಲ್ಲ, ಚೌಕ ಕೆಟ್ಟಿವೆ ಎಂದು ಬರೆದು ಮುಂದಿನ ಮಳೆಗಾಲ ಮುಗಿದ ಮೇಲೆ ಹೊಸ ಚೌಕ ಹಾಕಿ ಎಣಿಸುತ್ತೇನೆ ಎಂದರು. ಗಾಯರಾಣ ಉಳಿಯುತ್ತದೆ, ಆದರೆ ಬೇಲಿ ಇನ್ನೊಂದು ವರ್ಷ ಇರುತ್ತದೆ.

ಅಷ್ಟು ಕೇಳಿದ್ದೇ ತಡ, ರಾಜಾರಾಮ ಚಪ್ಪಾಳೆ ತಟ್ಟಿದ. "ತಿಳೀತೇನ್ರಪಾ? ಇನ್ನೊಂದ ವರ್ಷ ಇಸ್ಮಾಯಿಲಗ ಪಗಾರ. ಗುತ್ತೇದಾರಗ ಫೇಲಾಗೂದು ತಪ್ಪತು. ಬರೋಬ್ಬರಿ ಕುಂತು ಮಾತಾಡ್ಯಾರ ಮೂರೂ ಮಂದಿ!" ಜನ ತಲೆಯಾಡಿಸಿತು. ಎಲ್ಲವೂ ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ, ನನ್ನ ಎದೆಯೊಳಗೂ ಒಂದು ಹುಳ ಹರಿದಾಡಿತು. ಥೂ ನನ್ನ ಬುದ್ಧಿಗೆ!

ಮಲಕವ್ವ ಮಗನ ಕಡೆ ತಿರುಗಿದಳು. ಹಾಲೇಶ ಇಸ್ಮಾಯಿಲನನ್ನು ಬಿಟ್ಟಿದ್ದ. ತಾಯಿಯ ಮುಖ ನೋಡದೆ, "ಇದನ್ನ ಹೇಳಂತ ಯಾರ ಹೇಳಿಕೊಟ್ರು ಅವ್ವಾ ನಿನಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೇಲಿಯ ಹೊರಗೆ ನಡೆದ.

ಜನ ಗುಸುಗುಸು ಮಾಡುತ್ತ ಚದುರಿತು. ಮೇಡಂ ಗೂಟಗಳನ್ನು ಕೀಳಿಸುತ್ತಿದ್ದರು. ಮಲಕವ್ವ ಒಣಗಿದ ಸಸಿಗಳ ನಡುವೆ ಕುಕ್ಕರಿಸಿ ಕೂತಿದ್ದಳು. ಕರೆದುಕೊಂಡು ಹೋಗೋಣವೆಂದು ನಾನು ಹತ್ತಿರ ಹೋದೆ. ನನಗಿಂತ ಮೊದಲು ಇಸ್ಮಾಯಿಲ ಹೋಗಿದ್ದ.

"ಏಳು ಅಕ್ಕಾ. ಬಿಸಲ ಭಾಳ ಐತಿ."

ಆಕೆ ಅವನ ಬಲಗಡೆಗೆ, ಕೇಳುವ ಕಿವಿಯ ಕಡೆಗೆ, ಮುಖ ಎತ್ತಿದಳು. "ನೀನರ ನಂಬತೀಯೇನೋ ಇಸ್ಮಾಯಿಲಾ?"

"ನಂಬೂದೇನ ಬಂತು? ನಾ ನೋಡೇನಲ್ಲ. ಆ ಶುಕ್ರವಾರ ಸೈಕಲ್ ಪಂಕ್ಚರಾಗಿ ಅರ್ಧ ದಾರೀಲೆ ತಿರುಗಿ ಬಂದಿದ್ದೆ. ನೀ ಇಲ್ಲೇ ಕುಂತು ಬೇರ ನೋಡಾಕತ್ತಿದ್ದಿ. ತಡದ್ರ ಇನ್ನೂ ಸಂಶೇ ತೊಗೊಳ್ತಿ, ನೋಡಿ ಸಮಾಧಾನ ಆಗ್ಲಿ ಅಂತ ಸುಮ್ನ ಬಿಟ್ಟೆ."

"ನೋಡೀಯಾ?" ಮಲಕವ್ವನ ಕಣ್ಣು ಅಗಲವಾದವು. "ಮತ್ತ ಬಾಯಾಗ ಏನ ಇಟ್ಕೊಂಡಿದ್ದಿ ಲೇ? ಊರೆಲ್ಲಾ ಉಗಳುಮುಂದ ಹೇಳಬೇಕಿತ್ತಿಲ್ಲೋ? ನನ್ನ ಮಗಾ ಕಾಲರ ಹಿಡದಾಗರ ಹೇಳಬೇಕಿತ್ತಿಲ್ಲೋ?"

ಇಸ್ಮಾಯಿಲ ಹರಿದ ಕಾಲರನ್ನು ಸರಿ ಮಾಡಿಕೊಂಡ. ಅವನಿಗೆ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ನಿನ್ನ ಬಾಯಿಂದ ನೀನ ಹೇಳಿದ್ರ ಯಾರೂ ನಂಬಲಿಲ್ಲ ಅಕ್ಕಾ. ನಾ ಹೇಳಿದ್ರ ನೀನರ ನಂಬತಿದ್ದೇನು?"

ಮಲಕವ್ವ ಒಣಗಿದ ಸಸಿಯೊಂದರ ಬೇರಿನ ಮೇಲೆ ಮಣ್ಣು ಎಳೆದಳು. ಬೇಲಿಯ ಆಚೆ ಹಾಲೇಶ ಕುರಿಗಳನ್ನು ಒಂದೆಡೆ ಕೂಡಿಸಿ ನಿಲ್ಲಿಸಿಕೊಂಡು, ಫೋನಿನಲ್ಲಿ ದಲ್ಲಾಳಿಗೆ ನಾಳೆಯೇ ಗಾಡಿ ತರಲು ಹೇಳುತ್ತಿದ್ದ.